ನೆಟ್ ಇಲ್ಲದಾಗಲೂ ನಡೆಯುವ ಕೈಕೆಲಸ: 31ನೇ ವಯಸ್ಸಿಗೆ ಮೋಟರ್ ವೈಂಡಿಂಗ್ ಕಲಿಯಬಹುದೇ?

ಪ್ರಶ್ನೆ: ನನಗೆ 31 ವರ್ಷ, ಮನೆ ಹಳೇ ಹುಬ್ಬಳ್ಳಿಯಲ್ಲಿ. ಬೆಂಗಳೂರಿನ ಕಂಪನಿಯೊಂದರ ಗ್ರಾಹಕ ಸೇವೆ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಮೊನ್ನೆ ಎಲ್ಲೋ ಕೇಬಲ್ ಕಡಿದು ಎರಡು ದಿನ ನೆಟ್ ಇರಲಿಲ್ಲ. ಸುಮ್ಮನೆ ಕೂತಾಗ, ಕಂಪ್ಯೂಟರ್ ಬಿಟ್ಟರೆ ನನಗೆ ಬೇರೆ ಕೆಲಸವೇ ಬರುವುದಿಲ್ಲವಲ್ಲ ಎಂಬ ಹೆದರಿಕೆ ಹೊಕ್ಕಿತು. ನಮ್ಮ ತಂಡದ ಎಷ್ಟೋ ಉತ್ತರಗಳನ್ನು ಈಗ ಎಐ ಬರೆಯುತ್ತಿದೆ, ಜನರನ್ನು ಕಡಿಮೆ ಮಾಡುವ ಮಾತೂ ಇದೆ. ಶಿಗ್ಗಾವಿ ಕಡೆ ತಮ್ಮ ಹೊಲ ಮಾಡುತ್ತಾನೆ. ಅಲ್ಲಿ ಬೋರಿನ ಮೋಟರ್ ವರ್ಷಕ್ಕೊಮ್ಮೆಯಾದರೂ ಸುಡುತ್ತದೆ. ಹಾಗಾಗಿ ಮೋಟರ್ ವೈಂಡಿಂಗ್ (ಸುಟ್ಟ ತಾಮ್ರದ ತಂತಿ ತೆಗೆದು ಹೊಸದು ಸುತ್ತುವುದು) ಕಲಿಯುವ ಮನಸ್ಸಾಗಿದೆ, ಒಂದಿಷ್ಟು ವಿಡಿಯೋಗಳನ್ನೂ ಇಳಿಸಿಟ್ಟಿದ್ದೇನೆ. ಈ ವಯಸ್ಸಿಗೆ ಕೈ ಕೂರುತ್ತದೆಯೇ? ಇದಕ್ಕಿಂತ ಮೊಬೈಲ್ ರಿಪೇರಿ ಒಳ್ಳೆಯದೇ? ನೌಕರಿ ಹೋದರೆ ಇದರ ಮೇಲೆ ಮನೆ ನಡೆದೀತೇ? ಕರೆಂಟಿನ ಕೆಲಸ ಬೇಡವೇ ಬೇಡ ಎನ್ನುತ್ತಿದ್ದಾಳೆ ಹೆಂಡತಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸೋಣ. ನೆಟ್ ಎರಡು ದಿನ ನಿಲ್ಲುವುದು ಒಂದು. ಅದಕ್ಕೆ ಮೋಟರ್ ಕಲಿಯಬೇಕಿಲ್ಲ. ಮನೆಯಲ್ಲಿ ಒಂದಿಷ್ಟು ನಗದು, ಬೇರೆ ಕಂಪನಿಯ ಇನ್ನೊಂದು ಸಿಮ್, ಮುಖ್ಯ ಫೋನ್ ನಂಬರುಗಳು ಒಂದು ಹಾಳೆಯ ಮೇಲೆ, ಇಷ್ಟಿದ್ದರೆ ಸಾಕು. ನೌಕರಿಯೇ ಹೋಗುವುದು ಎರಡನೆಯದು. ಕೈಕೆಲಸ ನೆರವಿಗೆ ಬರುವುದು ಇಲ್ಲಿ, ಅದೂ ನೌಕರಿ ಇರುವಾಗಲೇ ಕಲಿತು ರೂಢಿಯಲ್ಲಿ ಇಟ್ಟುಕೊಂಡಿದ್ದರೆ ಮಾತ್ರ. ಕಲಿತು ಎರಡು ವರ್ಷ ಬಿಟ್ಟವನಿಗೆ ಸ್ಲಾಟಿಗೆ (ಮೋಟರಿನೊಳಗೆ ತಂತಿ ಕೂರುವ ಸೀಳು) ತಂತಿ ಇಳಿಸುವಾಗ ಮತ್ತೆ ಎನಾಮಲ್ (ತಂತಿಯ ಮೇಲಿನ ತೆಳು ಹೊದಿಕೆ) ಕೆರೆಯುತ್ತದೆ. ತಿಂಗಳಿಗೆ ಒಂದೆರಡು ಮೋಟರ್‌ಗಾದರೂ ಕೈ ಹಚ್ಚುವ ಏರ್ಪಾಡು ಇಲ್ಲದಿದ್ದರೆ ಈ ದಾರಿ ಬೇಡ ಎಂದೇ ಹೇಳುತ್ತೇನೆ.

ನೆಟ್ಟಿನ ಹಂಗಿಲ್ಲದ ಕೆಲಸ ಯಾವುದು ಎಂದು ತೂಗಿ ನೋಡಲು ಮೂರು ಮಾತು ಕೇಳಿಕೊಳ್ಳಿ. ಗಿರಾಕಿ ಸಾಮಾನನ್ನು ಗಾಡಿ ಮೇಲೆ ಇಟ್ಟುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾನೆಯೇ? ಬಿಡಿಭಾಗ ತಾಲ್ಲೂಕಿನೊಳಗೆ ಸಿಗುತ್ತದೆಯೇ? ಕೆಟ್ಟಿದ್ದೇನು ಎಂದು ಕಂಡುಹಿಡಿಯಲು ಬೇಕಾದ ಮಾಹಿತಿ ಆ ಸಾಮಾನಿನೊಳಗೇ ಇದೆಯೇ? ಮೊಬೈಲ್ ರಿಪೇರಿ ಸೋಲುವುದು ಈ ಮೂರನೆಯದರಲ್ಲಿ. ಡಿಸ್‌ಪ್ಲೇ, ಬ್ಯಾಟರಿ ಬದಲಿಸಲು ನೆಟ್ ಬೇಕಿಲ್ಲ ನಿಜ. ಆದರೆ ಸಾಫ್ಟ್‌ವೇರ್ ಹಾಕುವುದು, ಲಾಕ್ ತೆಗೆಯುವುದು, ಬೋರ್ಡಿನ ನಕ್ಷೆ ನೋಡುವುದು ಎಲ್ಲಕ್ಕೂ ನೆಟ್ ಬೇಕು. ಪ್ರತಿ ಹೊಸ ಮಾಡೆಲ್‌ಗೆ ಮತ್ತೆ ಕಲಿಯಬೇಕು. ಹೊಲಿಗೆ ಮೂರರಲ್ಲೂ ಗೆಲ್ಲುತ್ತದೆ, ಬ್ಲೌಸ್ ಹೊಲಿಯುವ ಒಳ್ಳೆಯ ಕೈಗೆ ಹುಬ್ಬಳ್ಳಿಯಲ್ಲಿ ಎಂದೂ ಕೆಲಸದ ಬರ ಇಲ್ಲ. ಮೋಟರ್ ಕೂಡ ಗೆಲ್ಲುತ್ತದೆ. ತಮ್ಮನ ಹೊಲ ಇರುವುದರಿಂದ ನಿಮಗೆ ಇದೇ ಹೊಂದುತ್ತದೆ.

ಜನ ನಂಬಿಕೊಂಡಿರುವ ಕೆಲವು ಮಾತುಗಳ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ‘ಎಐ ಕೈಕೆಲಸ ಮುಟ್ಟುವುದಿಲ್ಲ, ಅದಕ್ಕೇ ಇಲ್ಲಿ ಗಳಿಕೆ ಖಾತ್ರಿ’ ಎನ್ನುವುದು ಅರ್ಧ ಸತ್ಯ. ಎಐ ಮುಟ್ಟದಿದ್ದರೂ ಅಗ್ಗದ ಹೊಸ ಮಾಲು ಮುಟ್ಟಿದೆ. ಮಿಕ್ಸರ್ ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ) ಈಗ ರೆಡಿಮೇಡ್ ಸಿಗುವುದರಿಂದ ಅದನ್ನು ಸುತ್ತಿಸುವವರು ಕಡಿಮೆ. ಕಡಿಮೆ ಕರೆಂಟ್ ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನಿನಲ್ಲಿ ಸಾಮಾನ್ಯವಾಗಿ ಕೆಡುವುದು ವೈಂಡಿಂಗ್‌ಗಿಂತ ಮೊದಲು ಎಲೆಕ್ಟ್ರಾನಿಕ್ ಬೋರ್ಡು. ಮಾಮೂಲಿ ಸೀಲಿಂಗ್ ಫ್ಯಾನ್ ರಿವೈಂಡಿಂಗ್ ಲಾಭವೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಉಳಿದಿರುವುದು ಮೂರು ಫೇಸಿನ ಮೋಟರ್: ಹೊಲದ ಮಾನೋಬ್ಲಾಕ್ (ಮೋಟರ್, ಪಂಪು ಒಂದೇ ಜೋಡಿ), ಬೋರಿನ ಸಬ್‌ಮರ್ಸಿಬಲ್ (ನೀರೊಳಗೆ ಮುಳುಗಿ ಓಡುವುದು), ಹಿಟ್ಟಿನ ಗಿರಣಿ, ಖಾರದ ಪುಡಿ ಮಿಲ್ಲು, ಗೋಕುಲ ರಸ್ತೆ ಮತ್ತು ತಾರಿಹಾಳದ ಕಾರ್ಖಾನೆಗಳ ಯಂತ್ರ. ಹೊಸದಕ್ಕೆ ಹೆಚ್ಚು ರೊಕ್ಕ ಬೀಳುವುದರಿಂದ ಇವನ್ನು ಇನ್ನೂ ಬಹಳ ವರ್ಷ ಸುತ್ತಿಸಿಯೇ ಓಡಿಸುತ್ತಾರೆ.

ವಯಸ್ಸಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 31 ತಡವಲ್ಲ. ಆದರೆ ಹತ್ತಿರದ ನೋಟ ಚೊಕ್ಕಟ ಇರಬೇಕು. ಕನ್ನಡಕ ಬೇಕಿದ್ದರೆ ಈಗಲೇ ಮಾಡಿಸಿ.

ವಿಡಿಯೋ ನೋಡಿ ಕಲಿಯಬಹುದೇ ಎಂದರೆ, ಕನೆಕ್ಷನ್ ಚಿತ್ರ ಅರ್ಥ ಮಾಡಿಕೊಳ್ಳಲು ಅವು ಉಪಯೋಗ. ಕೈಗೆ ಬೇಕಾದ್ದನ್ನು ಅವು ಕೊಡಲಾರವು. ಕಾಯಿಲ್‌ನ (ಸುತ್ತಿದ ತಂತಿಯ ಕಟ್ಟು) ತಲೆ, ಅಂದರೆ ಸ್ಲಾಟಿನಿಂದ ಹೊರಗೆ ಉಳಿಯುವ ಭಾಗ, ಎಷ್ಟು ಬಿಡಬೇಕು ಎಂಬುದನ್ನೇ ತೆಗೆದುಕೊಳ್ಳಿ. ಗಿಡ್ಡ ಬಿಟ್ಟರೆ ಕೊನೆಯ ಕಾಯಿಲ್ ಇಳಿಯುವುದೇ ಇಲ್ಲ, ಒತ್ತಿ ಇಳಿಸಿದರೆ ಸ್ಲಾಟಿನ ಅಂಚಿಗೆ ತಂತಿ ಉಜ್ಜಿ ಎನಾಮಲ್ ಹೋಗುತ್ತದೆ. ಉದ್ದ ಬಿಟ್ಟರೆ ಕವರಿಗೆ ತಾಗಿ ಬಾಡಿ ಶಾರ್ಟ್. ಆ ಅಳತೆ ಬೆರಳಿಗೆ ಗೊತ್ತಾಗುವುದು ಗುಜರಿ ಸ್ಟೇಟರ್‌ನಲ್ಲಿ (ಮೋಟರಿನ ತಿರುಗದ ಹೊರಭಾಗ) ಹತ್ತು ಸಲ ಇಳಿಸಿ ತೆಗೆದ ಮೇಲೆಯೇ.

ಇನ್ನು ಮೋಟರ್ ಯಾಕೆ ಸುಡುತ್ತದೆ ಎಂಬುದಕ್ಕೆ ಬರುತ್ತೇನೆ. ಈ ಕಸಬಿನ ಜೀವ ಇಲ್ಲಿದೆ. ಕಾರಣ ಹುಡುಕದೆ ಸುತ್ತಿಕೊಟ್ಟ ಮೋಟರ್ ಎರಡು ತಿಂಗಳಲ್ಲಿ ಮತ್ತೆ ಬರುತ್ತದೆ, ಗಿರಾಕಿ ಬೈಯುವುದು ನಿಮ್ಮ ವೈಂಡಿಂಗ್ ಅನ್ನು.

ಹೊಲಕ್ಕೆ ಮೂರು ಫೇಸ್ ಬರುವುದು ದಿನದ ಕೆಲವೇ ತಾಸು. ಕರೆಂಟ್ ಬಂದ ಕೂಡಲೇ ಆ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಪಂಪುಗಳೆಲ್ಲ ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಕುಸಿಯುತ್ತದೆ. 5 ಎಚ್‌ಪಿ ಮೋಟರ್ 415 ವೋಲ್ಟಿನಲ್ಲಿ ಪೂರ್ಣ ಲೋಡಿಗೆ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ 350ಕ್ಕೆ ಇಳಿದರೆ ಅದೇ ನೀರು ಎತ್ತಲು ಹೆಚ್ಚು ಕರೆಂಟ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇನ್ಸುಲೇಶನ್ ತಾಳುವ ಮಿತಿಗಿಂತ 10 ಡಿಗ್ರಿ ಹೆಚ್ಚು ಕಾದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಬಿಲ್ ಇಲ್ಲದ್ದರಿಂದ, ಮೋಟರ್ ಹೆಚ್ಚು ಎಳೆಯುತ್ತಿದೆ ಎಂಬ ಸುದ್ದಿ ರೈತನಿಗೆ ತಲುಪುವ ದಾರಿಯೇ ಇಲ್ಲ. ವಾಸನೆ ಬಂದಾಗಲೇ ತಿಳಿಯುವುದು.

ಇದಕ್ಕಿಂತ ಕೆಟ್ಟದ್ದು ಒಂದು ಫೇಸ್ ಹೋಗುವುದು. ಓಡುತ್ತಿರುವ ಮೋಟರ್ ಒಂದು ಫೇಸ್ ಹೋದರೂ ನಿಲ್ಲುವುದಿಲ್ಲ. ಉಳಿದೆರಡರಿಂದ ಸುಮಾರು 1.7 ಪಟ್ಟು ಕರೆಂಟ್ ಎಳೆಯುತ್ತ ಗುಂಯ್‌ಗುಟ್ಟುತ್ತದೆ, ಕಾವು ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಓವರ್‌ಲೋಡ್ ರಿಲೇ ಸರಿಯಾಗಿದ್ದರೆ ಸ್ಟಾರ್ಟರ್ ಬೀಳಬೇಕು, ಅಂದರೆ ತಾನೇ ಬಂದ್ ಆಗಬೇಕು. ಆದರೆ ‘ಪದೇ ಪದೇ ಬೀಳುತ್ತದೆ’ ಎಂದು ರಿಲೇಯ ತಿರುಗಣೆಯನ್ನು ಕೊನೆತನಕ ತಿರುಗಿಸಿಟ್ಟ ಸ್ಟಾರ್ಟರ್‌ಗಳು ಹೊಲಗಳಲ್ಲಿ ಬೇಕಾದಷ್ಟಿವೆ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಬೈಪಾಸ್ ಮಾಡಿಸಿ, ರಾತ್ರಿ ಕಂಡೆನ್ಸರ್ ಹಚ್ಚಿ ಎರಡೇ ಫೇಸಿನಲ್ಲಿ ಮೋಟರ್ ಎಬ್ಬಿಸುವವರೂ ಇದ್ದಾರೆ. ನೀರಿನ ಸಂಕಟ ಅರ್ಥವಾಗುತ್ತದೆ. ಆದರೂ ಹೀಗೆ ಮಾಡಿ ಉಳಿಸಿದ ಬೆಳೆಯ ರೊಕ್ಕ ವೈಂಡಿಂಗ್‌ಗೇ ಹೋಗುತ್ತದೆ.

ಸುಟ್ಟ ಮೋಟರ್ ಬಿಚ್ಚಿದಾಗ ಕತ್ತರಿ ಹಚ್ಚುವ ಮೊದಲು ಬೆಳಕಿಗೆ ಹಿಡಿದು ಕಾಯಿಲ್‌ಗಳ ತಲೆ ನೋಡಿ. ಸುತ್ತಲೂ ಎಲ್ಲ ಕಾಯಿಲ್ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ವೋಲ್ಟೇಜ್ ಕಡಿಮೆ: ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಜಾಮ್, ಬೇರಿಂಗ್ ಬಿಗಿ, ಗ್ಲ್ಯಾಂಡ್ (ಪಂಪಿನ ಶಾಫ್ಟ್ ಸುತ್ತ ನೀರು ತಡೆಯುವ ಪ್ಯಾಕಿಂಗ್) ಅತಿ ಬಿಗಿ, ಇವನ್ನು ಹುಡುಕಿ. ಸ್ಟಾರ್ ಕನೆಕ್ಷನ್ (ಮೂರೂ ಫೇಸಿನ ಒಂದೊಂದು ತುದಿ ಒಂದೆಡೆ ಕೂಡಿದ್ದು) ಮೋಟರಿನಲ್ಲಿ ಎರಡು ಫೇಸಿನ ಕಾಯಿಲ್‌ಗಳು ಕರಕಲಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ ಒಂದು ಫೇಸ್ ಹೋಗಿ ಸುಟ್ಟಿದೆ. ಡೆಲ್ಟಾ (ತುದಿಗೆ ತುದಿ ಸೇರಿ ತ್ರಿಕೋನವಾದದ್ದು) ಇದ್ದರೆ ತಿರುಗಾ: ಒಂದು ಫೇಸ್ ಕರಕಲು, ಎರಡು ಸರಿ. ಇಂಥ ಮೋಟರ್ ತಂದವರಿಗೆ ಸ್ಟಾರ್ಟರ್‌ನ ಕಾಂಟ್ಯಾಕ್ಟ್, ಫ್ಯೂಸ್, ಕೇಬಲ್ ಜಾಯಿಂಟ್ ನೋಡಿಸದೆ ಮೋಟರ್ ಹಚ್ಚಬೇಡಿ ಎಂದು ಹೇಳಲೇಬೇಕು. ಒಂದೇ ಜಾಗದಲ್ಲಿ ತಾಮ್ರ ಕರಗಿ ಮಣಿಯಾಗಿ, ಉಳಿದದ್ದೆಲ್ಲ ಬೆಳ್ಳಗಿದ್ದರೆ ಅದು ಸುತ್ತು ಸುತ್ತಿನ ನಡುವಿನ ಶಾರ್ಟ್. ವೈಂಡಿಂಗ್ ಮಾಡಿದವರ ಕೈ ತಪ್ಪು, ಇಲ್ಲವೇ ಬೇರಿಂಗ್ ಸವೆದು ರೋಟರ್ (ಒಳಗೆ ತಿರುಗುವ ಭಾಗ) ಉಜ್ಜಿದ್ದು. ನಿಮ್ಮ ತಮ್ಮನದು ಬೋರಿನ ಮೋಟರ್ ಆದ್ದರಿಂದ ಅದು ಮೇಲೆ ಬಂದಾಗಲೇ ಇದು ಕಾಣುವುದು. ಅಲ್ಲಿಯವರೆಗೆ ಸ್ಟಾರ್ಟರ್ ಬಳಿ ಕ್ಲ್ಯಾಂಪ್ ಮೀಟರ್ (ತಂತಿ ಕಡಿಯದೆ ಕರೆಂಟ್ ಅಳೆಯುವುದು) ಹಿಡಿದು ಮೂರೂ ಫೇಸಿನ ಕರೆಂಟ್ ನೋಡಬಹುದು. ಫೇಸ್‌ಗಳ ವೋಲ್ಟೇಜಿನಲ್ಲಿ ಶೇ 2ರಷ್ಟು ಅಸಮತೋಲ ಇದ್ದರೂ ಕರೆಂಟಿನಲ್ಲಿ ಅದು ಶೇ 12ರಿಂದ 20ರವರೆಗೆ ಕಾಣುತ್ತದೆ. ವರ್ಷವರ್ಷ ಸುಡುವ ಮೋಟರ್‌ಗೆ ಇದು ದೊಡ್ಡ ಸುಳಿವು.

ವೈಂಡಿಂಗ್ ಲೆಕ್ಕ ಬಹಳ ಕಠಿಣ, ಎಂಜಿನಿಯರಿಂಗ್ ಓದಿರಬೇಕು ಎಂದು ಹಲವರು ಹಿಂದೆ ಸರಿಯುತ್ತಾರೆ. ರಿವೈಂಡಿಂಗ್‌ನಲ್ಲಿ ಲೆಕ್ಕ ಹಾಕುವುದು ಕಡಿಮೆ, ಸುಟ್ಟ ಮೋಟರ್‌ನಿಂದ ಓದಿ ಬರೆದುಕೊಳ್ಳುವುದೇ ಹೆಚ್ಚು. ಬೇಕಾದ ಮಾಹಿತಿಯೆಲ್ಲ ಅದರೊಳಗೇ ಇರುವುದರಿಂದಲೇ ಈ ಕೆಲಸಕ್ಕೆ ನೆಟ್ ಬೇಡ. ಹಾಗೆಂದೇ ಬಿಚ್ಚುವ ಶಿಸ್ತು ಸುತ್ತುವ ಶಿಸ್ತಿಗಿಂತ ದೊಡ್ಡದು. ನೇಮ್‌ಪ್ಲೇಟಿನ ಎಚ್‌ಪಿ, ವೋಲ್ಟ್, ಆಂಪಿಯರ್, ಆರ್‌ಪಿಎಂ ಬರೆದುಕೊಳ್ಳಿ. ಕವರ್ ಮತ್ತು ಬಾಡಿ ಕೂಡುವಲ್ಲಿ ಪಂಚ್‌ನಿಂದ ಗುರುತು ಹೊಡೆಯಿರಿ. ಸ್ಲಾಟ್ ಎಷ್ಟು, ಒಂದು ಗುಂಪಿಗೆ ಕಾಯಿಲ್ ಎಷ್ಟು, ಒಂದು ಕಾಯಿಲ್ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ ಎಂದು ಎಣಿಸಿ. 36 ಸ್ಲಾಟಿನ 4 ಪೋಲ್ ಮೋಟರಿನಲ್ಲಿ ಪೂರ್ಣ ಪಿಚ್ (ಕಾಯಿಲ್‌ನ ಎರಡು ಬದಿಗಳ ನಡುವಿನ ಸ್ಲಾಟ್ ಅಂತರ) 9, ಅಂದರೆ 1ರಿಂದ 10. ಒಂದರೊಳಗೊಂದು ಕೂರುವ ಕಾಯಿಲ್ ಆದರೆ 1–12, 2–11, 3–10 ಸಿಗುತ್ತದೆ. ಗುಂಪುಗಳು ಸೀರೀಸೋ ಪ್ಯಾರಲಲ್ಲೋ, ಹೊರಬಂದ ತುದಿಗಳು ಸ್ಟಾರೋ ಡೆಲ್ಟಾವೋ ಎಂದು ಚಿತ್ರ ಬಿಡಿಸಿಕೊಳ್ಳಿ. ಇಷ್ಟಾದ ಮೇಲೆಯೇ ಒಂದು ಕಡೆಯ ತಲೆ ಕತ್ತರಿಸಿ. ಎರಡು ಮೂರು ಕಾಯಿಲ್‌ಗಳಲ್ಲಿ ಸುತ್ತು ಎಣಿಸಿ ತಾಳೆ ನೋಡಿ. ಒಂದೇ ಕಾಯಿಲ್ ನಂಬಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಹಿಂದಿನವರು ತಪ್ಪು ಸುತ್ತಿರಬಹುದು.

ತಂತಿಯ ಗೇಜ್ ಅಳೆಯುವಾಗ ಎನಾಮಲ್ ಸುಟ್ಟು ಒರೆಸಿ ಮೈಕ್ರೋಮೀಟರ್ ಹಿಡಿಯಿರಿ. 21 ಗೇಜ್ ಎಂದರೆ 0.813 ಮಿ.ಮೀ., 22 ಎಂದರೆ 0.711. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ 21ರ ಜಾಗಕ್ಕೆ 22 ಹಾಕಿದರೆ ತಾಮ್ರ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಮೋಟರ್ ಕಾಯುತ್ತದೆ. ಸ್ಲಾಟಿಗೆ ಸುಲಭವಾಗಿ ಇಳಿಯುತ್ತದೆಂದು ಹೊಸಬರು ಮಾಡುವ ತಪ್ಪು ಇದೇ. ಸುತ್ತು ಕಡಿಮೆ ಮಾಡುವುದು ಇದರ ಅಣ್ಣ. ಆಗ ಕೋರಿನಲ್ಲಿ ಅಯಸ್ಕಾಂತ ಬಲ ಮಿತಿ ಮೀರಿ, ಲೋಡಿಲ್ಲದೆಯೂ ಮೋಟರ್ ಹೆಚ್ಚು ಎಳೆಯುತ್ತದೆ.

ಹಳೆಯ ತಂತಿ ಬೇಗ ಬಿಡಲಿ ಎಂದು ಸ್ಟೇಟರನ್ನು ಕಟ್ಟಿಗೆ ಬೆಂಕಿಗೆ ಹಾಕುವ ರೂಢಿ ಇದೆ. ದಯವಿಟ್ಟು ಇದನ್ನು ಕಲಿಯಬೇಡಿ. ಕೋರಿನ ತೆಳು ತಗಡುಗಳ ನಡುವಿನ ಇನ್ಸುಲೇಶನ್ ಕೆಂಪು ಕಾವಿಗೆ ಹೋಗುತ್ತದೆ. ಆಮೇಲೆ ಎಷ್ಟು ಚೆಂದ ಸುತ್ತಿದರೂ ಮೋಟರ್ ಕಾಯುವುದು ನಿಲ್ಲುವುದಿಲ್ಲ. ತಲೆ ಕತ್ತರಿಸಿ, ಹದವಾಗಿ ಕಾಸಿ, ಇನ್ನೊಂದು ಕಡೆಯಿಂದ ಎಳೆಯುವುದೇ ಸರಿ. ಸ್ಲಾಟ್ ಸ್ವಚ್ಛ ಮಾಡಿ ಸುಮಾರು 0.25 ಮಿ.ಮೀ. ದಪ್ಪದ ಪೇಪರನ್ನು ಎರಡೂ ಕಡೆ 5–6 ಮಿ.ಮೀ. ಹೊರಬರುವಂತೆ ಮಡಚಿ ಕೂರಿಸಿ. ಕಾಯಿಲ್ ಇಳಿಸಿ, ಬಿದಿರಿನ ಕಡ್ಡಿಯಿಂದ ಬಾಯಿ ಮುಚ್ಚಿ, ಫೇಸ್ ಫೇಸಿನ ನಡುವೆ ಪೇಪರ್ ಇಟ್ಟು ದಾರದಿಂದ ಕಟ್ಟಿ. ಮೂರೂ ಫೇಸಿನ ಓಮ್ ಸಮ ಇರಬೇಕು, ಶೇ 2–3ರಷ್ಟು ಹೆಚ್ಚುಕಡಿಮೆ ಪರವಾಗಿಲ್ಲ. ಬೇಕಿಂಗ್ ವಾರ್ನಿಶ್ ಆದರೆ ಸ್ಟೇಟರನ್ನು 100 ಡಿಗ್ರಿ ದಾಟಿಸಿ ತೇವ ತೆಗೆದು, ಸ್ವಲ್ಪ ಆರಿಸಿ, ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಸೋರಿಸಿ, 120–130 ಡಿಗ್ರಿಯಲ್ಲಿ 6–8 ತಾಸು ಒಣಗಿಸಿ. ಡಬ್ಬಿಯ ಮೇಲೆ ಬರೆದ ಕಾವು, ಹೊತ್ತು ಬೇರೆ ಇದ್ದರೆ ಅದನ್ನೇ ನಂಬಿ. ಹಸಿ ವಾರ್ನಿಶ್ ಮೋಟರನ್ನು ಅವಸರ ಮಾಡಿ ಕೊಟ್ಟರೆ ಅದು ಖಂಡಿತ ತಿರುಗಿ ಬರುತ್ತದೆ. 500 ವೋಲ್ಟಿನ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ಒಣಗಿದ ಹೊಸ ವೈಂಡಿಂಗ್ 100 ಮೆಗಾ ಓಮ್ ದಾಟಬೇಕು.

ಸಬ್‌ಮರ್ಸಿಬಲ್ ಕಲಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಸ್ಟೇಟರ್ ಉದ್ದ, ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ಒಂದೊಂದೇ ಸುತ್ತು ಎಳೆಯಬೇಕು, ಎದುರಿಗೆ ಇನ್ನೊಬ್ಬರು ಕೂರಲೇಬೇಕು. ಒಂದು ಸಣ್ಣ ಗೀರು ಬಿದ್ದರೂ ನೀರೊಳಗೆ ಶಾರ್ಟ್. ಸುತ್ತಿದ ಮೇಲೆ ರಾತ್ರಿಯಿಡೀ ನೀರಲ್ಲಿಟ್ಟು ಮೆಗ್ಗರ್ ಮಾಡದೆ ಬೋರಿಗೆ ಇಳಿಸಬಾರದು, ಎತ್ತುವ ಇಳಿಸುವ ಕೂಲಿಯೇ ದೊಡ್ಡದು.

ಹಾಗಾದರೆ ಮೊದಲು ಏನು? ಫ್ಯಾನು ಮತ್ತು ಮನೆಯ ಅರ್ಧ, ಒಂದು ಎಚ್‌ಪಿ ಪಂಪು. ನಿಧಾನ ತಿರುಗುವ ಸೀಲಿಂಗ್ ಫ್ಯಾನಿಗೆ ಬಹಳ ಸಲ ಬೇಕಿರುವುದು ಹೊಸ ಕಂಡೆನ್ಸರ್ ಅಷ್ಟೇ, ಹೆಚ್ಚಿನವಕ್ಕೆ 2.5 ಮೈಕ್ರೋಫ್ಯಾರಡ್. ಹಳೆಯದರ ಮೇಲೆ ಬರೆದ ಅಳತೆಯನ್ನೇ ಹಾಕಿ. ಸದ್ದು ಮಾಡಿದರೆ ಬೇರಿಂಗ್, ಎಷ್ಟೋ ಫ್ಯಾನುಗಳಲ್ಲಿ 6202. ಶಾಫ್ಟಿಗೆ ಏರಿಸುವಾಗ ಒಳರಿಂಗಿನ ಮೇಲೆ ಪೈಪಿಟ್ಟು ಬಡಿಯಿರಿ. ಹೊರರಿಂಗ್ ಬಡಿದರೆ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದು ಮೊದಲ ದಿನವೇ ಸದ್ದು ಶುರು. ಪಂಪಿನ ಗ್ಲ್ಯಾಂಡಿನಿಂದ ಹನಿ ಹನಿ ನೀರು ತೊಟ್ಟಿಕ್ಕುತ್ತಿರಬೇಕು, ಒಂದು ಹನಿಯೂ ಬರದಂತೆ ಬಿಗಿದರೆ ಶಾಫ್ಟ್ ಸವೆಯುತ್ತದೆ. ಮೆಕ್ಯಾನಿಕಲ್ ಸೀಲ್ ಇದ್ದರೆ ಸೋರಲೇಬಾರದು, ಸೋರಿದ ನೀರು ಬೇರಿಂಗಿಗೆ ಹೋಗುತ್ತದೆ. ವೈಂಡಿಂಗ್ ಮುಟ್ಟದೆಯೇ ಇಷ್ಟು ಕೆಲಸ ಇದೆ, ಓಣಿಯಲ್ಲಿ ಹೆಸರು ಬರುವುದು ಇದರಿಂದಲೇ. ಹತಾರವೂ ಇಷ್ಟಕ್ಕೆ ಸಾಕಾಗುವಷ್ಟೇ ಕೊಳ್ಳಿ: ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ಬೇರಿಂಗ್ ಪುಲ್ಲರ್, ಸಾಲ್ಡರಿಂಗ್ ಐರನ್, 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡ್. ಸೀರೀಸ್ ಬೋರ್ಡಿನಲ್ಲಿ ಬಲ್ಬ್ ಪೂರ್ತಿ ಬೆಳಗಿದರೆ ಶಾರ್ಟ್, ಮಂದ ಬೆಳಗಿದರೆ ವೈಂಡಿಂಗ್ ಇದೆ, ಹತ್ತದಿದ್ದರೆ ಎಲ್ಲೋ ಕಡಿದಿದೆ. ಮೆಗ್ಗರ್, ಮೈಕ್ರೋಮೀಟರ್, ಸುತ್ತುವ ಮಷಿನ್ ಆಮೇಲೆ.

ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ, ಅದನ್ನು ತಳ್ಳಿಹಾಕಬೇಡಿ. ಟೇಬಲ್ ಮೇಲಿನ ಮೋಟರ್ ಅಷ್ಟು ಅಪಾಯದ್ದಲ್ಲ, ಜೀವ ಹೋಗುವುದು ಹೊಲದ ಸ್ಟಾರ್ಟರ್ ಡಬ್ಬಿಯ ಮುಂದೆ, ಹಸಿ ನೆಲದ ಮೇಲೆ. ಈಗ ಬಹಳ ಕಡೆ ಆಟೋ ಸ್ವಿಚ್ ಇರುತ್ತದೆ, ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಏಳುತ್ತದೆ. ಫೋನಿನಿಂದ ಚಾಲೂ ಮಾಡುವ ಸ್ಟಾರ್ಟರ್ ಇದ್ದರೆ ಮನೆಯಲ್ಲಿ ಕೂತವರು ನಿಮ್ಮ ಕೈ ಒಳಗಿರುವಾಗಲೇ ಒತ್ತಬಹುದು. ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲಿಟ್ಟುಕೊಳ್ಳದೆ ಡಬ್ಬಿಯೊಳಗೆ ಕೈ ಹಾಕಬೇಡಿ. ಕಿತ್ತ ಮೇಲೂ ಮೀಟರ್ ಹಿಡಿದು ಮೂರೂ ಫೇಸ್ ನೋಡಿ, ಟೆಸ್ಟರ್ ಒಂದನ್ನೇ ನಂಬಬೇಡಿ. ಟಿಸಿ ಮತ್ತು ಕಂಬ ಲೈನ್‌ಮನ್ ಕೆಲಸ, ಎಷ್ಟೇ ಬೇಡಿಕೊಂಡರೂ ಹತ್ತಬೇಡಿ. ಕಂಡೆನ್ಸರ್ ಮುಟ್ಟುವ ಮೊದಲು ಬಲ್ಬಿನ ಮೂಲಕ ಖಾಲಿ ಮಾಡಿ. ಮನೆಯ ಟೇಬಲ್‌ಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮನೆ ವೈರಿಂಗ್ ಕೆಲಸಕ್ಕೆ ಪರವಾನಗಿ ಬೇಕು, ಅದಿಲ್ಲದೆ ಆ ಕೆಲಸ ಒಪ್ಪಿಕೊಳ್ಳಬೇಡಿ.

ಕಲಿಯುವ ದಾರಿಗಳಲ್ಲಿ ಸರ್ಕಾರಿ ಐಟಿಐನ ಎಲೆಕ್ಟ್ರಿಷಿಯನ್ ಕೋರ್ಸ್ 2 ವರ್ಷದ್ದು. ಪರವಾನಗಿ, ಕಾರ್ಖಾನೆ ನೌಕರಿ ಬೇಕಿದ್ದವರಿಗೆ ಅದು ಸರಿ. ನೌಕರಿ ಬಿಡಬೇಕಾಗುವುದರಿಂದ ನಿಮಗೆ ಬೇಡ. ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ, ಬೇರೆ ಜಿಲ್ಲೆಗಳಲ್ಲೂ ಬ್ಯಾಂಕುಗಳು ನಡೆಸುವ ಇಂಥವೇ ತರಬೇತಿ ಸಂಸ್ಥೆಗಳಿವೆ. ಮೋಟರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಇವುಗಳ ಕೋರ್ಸ್‌ಗಳಲ್ಲಿ ಒಂದು: 30 ದಿನ, ಊಟ ವಸತಿ ಸಹಿತ ಉಚಿತ, ಗ್ರಾಮೀಣ ಅಭ್ಯರ್ಥಿಗಳಿಗೆ ಆದ್ಯತೆ. ಎಲ್ಲ ಕಡೆ ಎಲ್ಲ ತಿಂಗಳೂ ನಡೆಯುವುದಿಲ್ಲ, ಈ ವರ್ಷದ ಪಟ್ಟಿ ಖುದ್ದಾಗಿ ಹೋಗಿ ಕೇಳಿ. ಒಂದು ತಿಂಗಳ ರಜೆ ಸಿಕ್ಕರೆ ಒಳ್ಳೆಯ ಬುನಾದಿ, ಆದರೆ ಅಷ್ಟರಿಂದಲೇ ಅಂಗಡಿ ತೆರೆದರೆ ಪರರ ಮೋಟರ್ ಮೇಲೆ ಕಲಿತಂತಾಗುತ್ತದೆ. ನನ್ನ ಒಲವು ವೈಂಡಿಂಗ್ ಅಂಗಡಿಯಲ್ಲಿ ಭಾನುವಾರ, ಸಂಜೆ ಕೂರುವುದರ ಕಡೆಗೆ. ಅದಕ್ಕೂ ಹಂಗಾಮು ನೋಡಬೇಕು. ಫೆಬ್ರುವರಿಯಿಂದ ಮೇವರೆಗೆ ಅಂಗಡಿಯಲ್ಲಿ ಮೋಟರ್ ರಾಶಿ ಬಿದ್ದಿರುತ್ತದೆ, ಕಲಿಸಲು ಯಾರಿಗೂ ಪುರಸೊತ್ತಿಲ್ಲ. ಮಳೆ ಹಿಡಿದ ಮೇಲೆ ಹೋಗಿ. ಆಗ ಮಾಲೀಕರಿಗೂ ಬಿಡುವು, ಕಲಿಯಲು ಗುಜರಿ ಸ್ಟೇಟರ್‌ಗಳೂ ಸಿಗುತ್ತವೆ. ಮೊದಲ ತಿಂಗಳು ಬಿಚ್ಚುವುದು, ತೊಳೆಯುವುದು, ಪೇಪರ್ ಕತ್ತರಿಸುವುದು ಇಷ್ಟೇ ಕೊಡುತ್ತಾರೆ. ಬೇಸರ ಬೇಡ, ಕಾಯಿಲ್‌ಗಳ ಬಣ್ಣ ಓದುವುದನ್ನು ಕಲಿಯುವುದು ಆಗಲೇ. ಅಂಗಡಿಯವರ ವೈಂಡಿಂಗ್ ಡೇಟಾ ಪುಸ್ತಕ ಕೇಳಿ ನಕಲು ಮಾಡಬೇಡಿ, ಅದು ಅವರ ವರ್ಷಗಳ ದುಡಿಮೆ. ನಿಮ್ಮದನ್ನು ನೀವೇ ಕಾಗದದ ಮೇಲೆ ಬರೆಯುತ್ತ ಹೋಗಿ.

ಇದರ ಮೇಲೆ ಮನೆ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ: ಮೊದಲ ವರ್ಷ ಇಲ್ಲ. ಬೇಸಿಗೆ ನಾಲ್ಕು ತಿಂಗಳು ಗಳಿಕೆ, ಮಳೆಗಾಲ ಬಡ. ಅದಕ್ಕೇ ಫ್ಯಾನು, ಗಿರಣಿ, ಮನೆಯ ಪಂಪು ಕೈಯಲ್ಲಿ ಇರಬೇಕು. ತಾಮ್ರದ ತಂತಿ ಅಂಗಡಿಯವರಿಗೆ ರೊಕ್ಕ ಕೂಡಲೇ ಕೊಡಬೇಕು, ರೈತ ಕೊಡುವುದು ಪೀಕು ಮಾರಿದ ಮೇಲೆ. ಈ ನಡುವಿನ ಉದ್ರಿಯಲ್ಲಿ ಮುಳುಗಿದ ಅಂಗಡಿಗಳು ಹಲವು. ಆದ್ದರಿಂದ ತಂತಿ, ಪೇಪರ್, ಬೇರಿಂಗ್ ಖರ್ಚನ್ನು ಮುಂಗಡ ತೆಗೆದುಕೊಳ್ಳಿ, ನಿಮ್ಮ ಮಜೂರಿ ಮಾತ್ರ ಉದ್ರಿ ಇರಲಿ. ಹಳೆಯ ತಾಮ್ರ ಯಾರಿಗೆ ಎಂಬುದನ್ನು ಮೋಟರ್ ಇಳಿಸಿಕೊಳ್ಳುವಾಗಲೇ ಮಾತಾಡಿ, ತೂಗಿ, ಚೀಟಿಯಲ್ಲಿ ಬರೆಯಿರಿ. ಜಗಳ ಬಹುಪಾಲು ಹುಟ್ಟುವುದು ಅಲ್ಲೇ. ಗ್ಯಾರಂಟಿ ಕೊಡುವುದಾದರೆ ವೈಂಡಿಂಗ್‌ಗೆ ಮಾತ್ರ ಕೊಡಿ. ಕೊಡುವ ದಿನ ಅವರ ಎದುರೇ ಮೋಟರ್ ಓಡಿಸಿ, ಮೂರೂ ಫೇಸಿನ ಆಂಪಿಯರ್ ಮತ್ತು ಮೆಗ್ಗರ್ ಅಂಕಿ ಅದೇ ಚೀಟಿಯ ಮೇಲೆ ಬರೆದು ಒಂದು ಪ್ರತಿ ಅವರಿಗೆ, ಒಂದು ನಿಮಗೆ ಇಟ್ಟುಕೊಳ್ಳಿ. ಮೋಟರ್ ಮತ್ತೆ ಸುಟ್ಟು ಬಂದರೆ ಆ ಅಂಕಿ ಮತ್ತು ಕಾಯಿಲ್‌ಗಳ ಬಣ್ಣ ಎರಡನ್ನೂ ಎದುರಿಗಿಟ್ಟು ಮಾತಾಡಬಹುದು.